ಮಬ್ರೂಕಾಳಿಗೆ ಚಳಿಯಾಗಬಾರದು

ಹಜ್ಜಾ ರತೀಬಾ ಕಣ್ಣಿನ ಪೊರೆ ತೆಗೆಸಿಕೊಳ್ಳಲು ಕೈರೋಗೆ ಹೊರಟ ದಿನ ಇಸ್ನಾ ರೈಲು ನಿಲ್ದಾಣದಲ್ಲಿ ಇಬ್ಬರ ಕಣ್ಣಲ್ಲಿ ನೀರಿತ್ತು. ಒಬ್ಬರು ಹಜ್ಜಾ. ಅವರು ತಮ್ಮ ಆಮೆಗಾಗಿ ಅತ್ತರು. ಇನ್ನೊಬ್ಬ ಅವರ ಅಣ್ಣನ ಮಗ ಶಾಜ್ಲಿ. ಅವನ ಕಣ್ಣಿಗೆ ಕಬ್ಬಿನ ದೂಳು ಬಿದ್ದಿತ್ತು. ಮುಂದೆ ನಡೆದದ್ದನ್ನು ನೋಡಿದರೆ, ಅವನೂ ಅಂದೇ ಮನಸಾರೆ ಅತ್ತುಬಿಡುವುದು ಒಳ್ಳೆಯದಿತ್ತು.

ನಾನು ಶಾಜ್ಲಿಯ ಎದುರು ಮನೆಯವನು. ಕಂಡದ್ದನ್ನು ಕಂಡದ್ದೆಂದು, ಕೇಳಿದ್ದನ್ನು ಕೇಳಿದ್ದೆಂದು ಹೇಳುತ್ತೇನೆ. ನಮ್ಮೂರಿನಲ್ಲಿ ಈ ವ್ಯತ್ಯಾಸವನ್ನು ಉಳಿಸಿಕೊಂಡವರು ಕಡಿಮೆ.

ಆಮೆಯ ಹೆಸರು ಮಬ್ರೂಕಾ. ಹಜ್ಜಾರ ಗಂಡ ಬದುಕಿದ್ದಾಗ ಸೂಡಾನಿನಿಂದ ಒಂಟೆಗಳನ್ನು ತಂದು ದರಾವ್ ಸಂತೆಯಲ್ಲಿ ಮಾರುತ್ತಿದ್ದರು. ಒಂದು ಸಲ ಒಂಟೆಯ ಜೀನಿನ ಚೀಲದಲ್ಲಿ ರೊಟ್ಟಿಯಷ್ಟು ದೊಡ್ಡ ಆಮೆಯೊಂದನ್ನು ತಂದು ಹೆಂಡತಿಯ ಮಡಿಲಿಗೆ ಹಾಕಿದರು. ಮಕ್ಕಳು ಬೆಳೆದು ಮದುವೆಯಾಗಿ ಹೋದರು, ಗಂಡ ತೀರಿಕೊಂಡರು, ಮಬ್ರೂಕಾ ಮಾತ್ರ ಬಟ್ಟೆ ಒಗೆಯುವ ದೊಡ್ಡ ಬೋಗುಣಿಯಷ್ಟಾಗಿ ಮನೆಯಲ್ಲೇ ಉಳಿದಳು. ಅವಳನ್ನು ಎತ್ತಲು ಇಬ್ಬರು ಗಂಡಸರು ಬೇಕು. ಆ ಇಬ್ಬರಲ್ಲಿ ಒಬ್ಬ ಶಾಜ್ಲಿಯಾದರೆ ಮೂವರು ಬೇಕು.

ಚಳಿಗಾಲದಲ್ಲಿ ಹಜ್ಜಾ ಅವಳನ್ನು ರೊಟ್ಟಿ ಸುಡುವ ಮಣ್ಣಿನ ಒಲೆಯ ಪಕ್ಕ ಮಲಗಿಸುತ್ತಿದ್ದರು. ಊರಿಗೆ ಹೊರಡುವ ಮುನ್ನವೂ ಹೇಳಿದ್ದು ಅದನ್ನೇ.

"ಲೋ ಶಾಜ್ಲಿ, ನನ್ನ ಮನೆ ಬೀಗದ ಕೈ ನಿಂಗೆ ಕೊಡ್ತೀನಿ. ಸಂಜೆ ಬಂದು ಒಲೆಗೆ ನಾಲ್ಕು ಕಬ್ಬಿನ ಸಿಪ್ಪೆ ಹಾಕಿ ಹೋಗು, ಅಷ್ಟು ಸಾಕು. ತೂಬಾ ತಿಂಗಳ ಚಳಿ ಬರ್ತಿದೆ. ತೂಬಾ ಬಂದ್ರೆ ಹರೆಯದ ಹುಡುಗೀನೂ ಮುದುಕಿ ಆಗ್ತಾಳೆ ಅಂತಾರೆ. ಇವಳು ಮೊದ್ಲೇ ಮುದುಕಿ."

ಶಾಜ್ಲಿ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿ ತೂಗುವ ಗುಮಾಸ್ತ. ಕೈಯಲ್ಲಿ ಯಾವಾಗಲೂ ಒಂದು ಹಳೆಯ ವಿಜ್ಞಾನದ ಮಾಸಪತ್ರಿಕೆ. ಹಿಂದಿನ ವರ್ಷ ಅದನ್ನು ಓದಿಯೇ ಸ್ವಂತ ಮನೆಯ ಮಣ್ಣಿನ ಒಲೆಯನ್ನು ಒಡೆದು ಹಾಕಿ ಗ್ಯಾಸ್ ತಂದಿದ್ದ. ಅಂದಿನಿಂದ ಊರವರು ಅವನನ್ನು 'ಇಂಜಿನಿಯರ್ ಸಾಹೇಬ್ರು' ಅನ್ನುತ್ತಿದ್ದರು. ಅದು ಗೌರವವೆಂದು ಅವನು ತಿಳಿದಿದ್ದ.

"ಒಲೆ ಹೊಗೆ ಪ್ರಾಣಿಗಳ ಶ್ವಾಸಕೋಶಕ್ಕೆ ಆಗಲ್ಲ, ಅತ್ತೆ. ನಮ್ಮನೆಗೇ ಕರ್ಕೊಂಡು ಹೋಗ್ತೀನಿ. ವೈಜ್ಞಾನಿಕವಾಗಿ ನೋಡ್ಕೋತೀನಿ."

ಹಜ್ಜಾ ಅವನನ್ನು ದಿಟ್ಟಿಸಿದರು. ಪೊರೆ ಬಂದ ಕಣ್ಣಿನಲ್ಲಿ ಎಷ್ಟು ಕಂಡಿತೋ, ಅಷ್ಟರಲ್ಲೇ ಅವರಿಗೆ ಅನುಮಾನ ಬಂತು. ಬೀಗದ ಕೈಯನ್ನು ರವಿಕೆಯೊಳಗೆ ಸಿಕ್ಕಿಸಿಕೊಂಡರು. "ಕಣ್ಣಿನ ಪಟ್ಟಿ ಬಿಚ್ಚಿದ ಮೇಲೆ ಊರಲ್ಲಿ ನಾನು ಮೊದ್ಲು ನೋಡೋದು ಅವಳ ಮುಖಾನೇ. ಅವಳಿಲ್ಲ ಅಂದ್ರೆ ನಿನ್ನ ಮುಖ ನೋಡೋಕೆ ನಂಗೆ ಕಣ್ಣೇ ಬೇಡ" ಎಂದು ರೈಲು ಹತ್ತಿದರು.

ಮೊದಲ ರಾತ್ರಿಯ ವೈಜ್ಞಾನಿಕ ಕ್ರಮ ಕಂಬಳಿ. ಅಂಗಳದಲ್ಲಿ ಮಬ್ರೂಕಾಳ ಮೇಲೆ ಶಾಜ್ಲಿ ತನ್ನ ಮದುವೆಯ ಕಂಬಳಿ ಹೊದಿಸಿದ. ಅವಳು ಅದನ್ನು ಹೊದ್ದೇ ನಡೆದು ಹೋಗಿ ಬಾತುಕೋಳಿಗಳ ನೀರಿನ ಗುಂಡಿಯಲ್ಲಿ ಅದ್ದಿಟ್ಟಳು. ಎರಡನೆಯ ಕ್ರಮ, ಕೋಳಿಮರಿ ಸಾಕುವವರು ಬಳಸುವ ಕೆಂಪು ದೀಪ. ಹಣ್ಣಿನ ಪೆಟ್ಟಿಗೆಗಳಿಗೆ ಮೊಳೆ ಹೊಡೆದು ಗೂಡು ಮಾಡಿ, ಒಳಗೆ ದೀಪ ತೂಗಿಬಿಟ್ಟ. ಗೋಡೆಯ ಮೇಲಿಂದ ಇಡೀ ಓಣಿಗೆ ಕೆಂಪು ಬೆಳಕು. "ಶಾಜ್ಲಿ ಮನೇಲಿ ಏನು ಬೇಯ್ತಿದೆ?" ಎಂದು ನನ್ನ ಹೆಂಡತಿ ಕೇಳಿದಳು. ನನಗೆ ಗೊತ್ತಿರಲಿಲ್ಲ, ಆದ್ದರಿಂದ ಗೊತ್ತಿಲ್ಲ ಎಂದೆ. ಊರಿನಲ್ಲಿ ಹಾಗೆಂದವನು ಬಹುಶಃ ನಾನೊಬ್ಬನೇ.

ಒಂದು ರಾತ್ರಿ ವಿದ್ಯುತ್ ಹೋಯಿತು. ಬೆಳಿಗ್ಗೆ ಶಾಜ್ಲಿಯ ಹೆಂಡತಿ ನಬವಿಯಾಳ ಕಿರುಚಾಟಕ್ಕೆ ನಾವೆಲ್ಲ ಎದ್ದೆವು. ಮಬ್ರೂಕಾ ತಣ್ಣಗೆ ಬಾವಿಯ ಕಲ್ಲಿನಂತಾಗಿದ್ದಳು. ತಲೆ ಹೊರಗೆ ಚಾಚಿ ನೆಲಕ್ಕೆ ತಾಗಿತ್ತು, ಕಣ್ಣು ಮುಚ್ಚಿತ್ತು.

"ಹೋಯ್ತು! ಹಜ್ಜಾ ನಮ್ಮನ್ನ ಉಳಿಸಲ್ಲ ಕಣ್ರೀ!"

ಶಾಜ್ಲಿಯ ಕೈಕಾಲು ಆಮೆಗಿಂತ ತಣ್ಣಗಾದವು. ಮಬ್ರೂಕಾಳನ್ನು ಬಿಸಿಲಿಗೆ ಎಳೆದು, ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತು, ಗೊತ್ತಿದ್ದ ಪ್ರಾರ್ಥನೆಗಳನ್ನೆಲ್ಲ ಹೇಳಿದ. ಬಿಸಿಲು ನೆತ್ತಿಗೇರುವ ಹೊತ್ತಿಗೆ ಮಬ್ರೂಕಾ ಒಂದು ಕಣ್ಣು ತೆರೆದು ಅವನನ್ನು ನೋಡಿದಳು. ಆ ನೋಟದಲ್ಲಿ ಕೃತಜ್ಞತೆ ಇರಲಿಲ್ಲವೆಂದು ಅವನೇ ನನಗೆ ಹೇಳಿದ್ದಾನೆ.

ಅಂದೇ ಪಶುವೈದ್ಯರ ಬಳಿ ಓಡಿದ. ಅವರು ಎಮ್ಮೆಯೊಂದರ ಹೊಟ್ಟೆಯಲ್ಲಿ ತೋಳು ಮುಳುಗಿಸಿಕೊಂಡೇ ಉತ್ತರಿಸಿದರು: "ಆ ಜಾತಿ ಆಮೆ ತನ್ನ ನಾಡಲ್ಲಿ ಬಿಲ ತೋಡಿ ಮಲಗುತ್ತೆ. ಭೂಮಿ ಒಳಗೆ ಬೆಚ್ಚಗಿರುತ್ತೆ. ನಿಮ್ಮ ಅಂಗಳದಲ್ಲಿ ಇಟ್ಟಿಗೆ ಹಾಸಿದ್ರೆ ಅದು ಏನು ಮಾಡ್ಬೇಕು? ನೀವೇ ತೋಡಿ ಕೊಡಿ."

ತೋಡುವುದು ಕಷ್ಟವಲ್ಲ, ನಮ್ಮದು ನೈಲ್ ನದಿಯ ಮೆತ್ತನೆ ಮಣ್ಣು. ಕಷ್ಟವಾದದ್ದು ಮಾನದ ವಿಷಯ. ವಿಜ್ಞಾನದಿಂದ ಶುರು ಮಾಡಿದವನು ಗುಂಡಿಗೆ ಬಂದು ನಿಂತನೆಂದು ಕಾಫಿ ಅಂಗಡಿಯಲ್ಲಿ ಗೊತ್ತಾದರೆ? ಹಾಗಾಗಿ ಶಾಜ್ಲಿ ಯಾರಿಗೂ ಹೇಳಲಿಲ್ಲ. ಕತ್ತಲಾದ ಮೇಲೆ ಬಾಗಿಲಿಗೆ ಅಗಳಿ ಹಾಕಿ, ಗುದ್ದಲಿಗೆ ಬಟ್ಟೆ ಸುತ್ತಿ, ಪಕ್ಕದ ಹಸಬುಲ್ಲಾನ ಗೋಡೆಯ ಬುಡದಲ್ಲಿ ಅಗೆದ. ಬೆಳಗಿನ ನಮಾಜಿಗೆ ಮೊದಲೇ ಮಣ್ಣನ್ನು ಮೂಟೆ ಕಟ್ಟಿ, ಕತ್ತೆಯ ಮೇಲೆ ಹೇರಿ, ಕಬ್ಬಿನ ಗದ್ದೆಗೆ ಸುರಿದು ಬಂದ. ಆಮೆಗೆ ಯಾರ ಕಣ್ಣೂ ತಾಗದಿರಲೆಂದು ನಬವಿಯಾ ಗುಂಡಿಯ ಬಾಯಲ್ಲಿ ಲೋಬಾನದ ಹೊಗೆ ಹಾಕಿದಳು.

ಇಲ್ಲಿ ಒಂದು ಮಾತು. ಕೆಂಪು ದೀಪ, ಕತ್ತಲಲ್ಲಿ ಗುದ್ದಲಿ, ಕಳ್ಳತನದಲ್ಲಿ ಸಾಗಿಸಿದ ಮಣ್ಣು, ಲೋಬಾನದ ಹೊಗೆ. ಇವು ನಾಲ್ಕೂ ಕೂಡಿದರೆ ನಮ್ಮ ಸೀಮೆಯಲ್ಲಿ ಅರ್ಥ ಒಂದೇ: ಮನೆಯ ಕೆಳಗೆ ಫರೋಗಳ ಗೋರಿ ಸಿಕ್ಕಿದೆ, ಯಜಮಾನ ಸರ್ಕಾರಕ್ಕೆ ತಿಳಿಸದೆ ಅಗೆಯುತ್ತಿದ್ದಾನೆ. ಅದಕ್ಕೆ ಜೈಲು. ಆಮೆಗೆ ಹಾಸಿಗೆ ಮಾಡುತ್ತಿದ್ದಾನೆ ಎಂಬ ಅರ್ಥ ಯಾರಿಗೂ ಹೊಳೆಯಲಿಲ್ಲ. ಹೊಳೆದಿದ್ದರೆ ಅವರನ್ನು ಹುಚ್ಚರೆನ್ನುತ್ತಿದ್ದರು.

ಮೊದಲು ಬಂದವನು ಹಸಬುಲ್ಲಾ. ಕಿರಾಣಿ ಅಂಗಡಿಯವನು, ಶಾಜ್ಲಿಯ ಗೋಡೆಗೆ ಗೋಡೆ ಹತ್ತಿದ ಮನೆಯವನು.

"ಮಣ್ಣು ಜಾಸ್ತಿ ಹೋಗ್ತಿದೆಯಂತೆ, ಇಂಜಿನಿಯರ್ ಸಾಹೇಬ್ರೇ."

ಮಾನ ಹೋದರೆ ಹೋಗಲಿ ಎಂದು ಶಾಜ್ಲಿ ನಿಜವನ್ನೇ ಹೇಳಿದ. "ಆಮೆಗೆ ಕಣಯ್ಯಾ. ಅದು ಚಳಿಗೆ ಸಾಯ್ತಿತ್ತು, ಬಿಲ ತೋಡ್ದೆ."

"ಆಮೆಗೆ." ಹಸಬುಲ್ಲಾ ತಲೆದೂಗಿದ. "ಹೌದೌದು. ಪೊಲೀಸ್ರು ಕೇಳಿದ್ರೂ ಹಾಗೇ ಹೇಳಿ. ನನ್ನತ್ರ ಮಾತ್ರ ಯಾಕೆ ನಾಟಕ? ನಾನೇನು ಹೊರಗಿನವನಾ?"

"ತಲಾಖ್ ಆಣೆ! ಅದು ಆಮೆಗಲ್ಲ ಅಂದ್ರೆ ನನ್ನ ಹೆಂಡ್ತಿ ನನಗಲ್ಲ!"

ಒಳಗಿನಿಂದ ನಬವಿಯಾ ಕೂಗಿದಳು: "ನೀವು ಗುಂಡಿಗೆ ಬಿದ್ದದ್ದು ಸಾಲದು ಅಂತ ನನ್ನನ್ಯಾಕ್ರೀ ಎಳೀತೀರಿ?"

ನಮ್ಮಲ್ಲಿ ಗಂಡಸು ಆ ಆಣೆ ಹಾಕಿ ಸುಳ್ಳಾಡಿದರೆ ಮದುವೆ ಮುರಿಯಿತೆಂದೇ ಲೆಕ್ಕ. ಹಸಬುಲ್ಲಾ ಕಂಗಾಲಾದ. "ಪ್ರವಾದಿಯ ಮೇಲೆ ಶಾಂತಿಯಿರಲಿ! ಹೆಂಡ್ತೀನೇ ಪಣಕ್ಕಿಟ್ಟ ಅಂದ್ರೆ ಒಳಗಡೆ ಏನಿರ್ಬೇಕು!" ಎಂದು ಗೊಣಗುತ್ತ ಹೋದ.

ಮರುದಿನದಿಂದ ಶಾಜ್ಲಿಗೆ ಸಿಕ್ಕ ಗೌರವ ಕಂಡು ನನಗೇ ಭಯವಾಯಿತು. ಕಾಫಿ ಅಂಗಡಿಯಲ್ಲಿ ಬೆನ್ನಿಗೆ ಆಧಾರವಿದ್ದ ಒಂದೇ ಒಂದು ಕುರ್ಚಿ ಅವನದಾಯಿತು. ಕ್ಷೌರಿಕ ಇಬ್ಬರ ಮುಖದ ಸಾಬೂನು ಒಣಗಲು ಬಿಟ್ಟು ಇವನನ್ನು ಕೂರಿಸಿದ. ಎಡ್ಫುವಿನಿಂದ ನಬವಿಯಾಳ ದೊಡ್ಡಪ್ಪನ ಮಗ, ಮದುವೆಗೂ ಬಾರದವನು, ಹಾಸಿಗೆ ಸುತ್ತಿಕೊಂಡು ಬಂದಿಳಿದ. "ರಕ್ತಸಂಬಂಧ ಅಂದ್ರೆ ಕಷ್ಟಕ್ಕೆ ಆಗ್ಬೇಕು" ಎಂದ. ಯಾವ ಕಷ್ಟವೆಂದು ಕೇಳಿದ್ದಕ್ಕೆ ಕಣ್ಣು ಹೊಡೆದ. ಶಾಜ್ಲಿ ಎಲ್ಲರಿಗೂ ಆಮೆಯ ವಿಷಯ ಹೇಳಿದ. ಹೇಳಿದಷ್ಟೂ ಅವರ ಗೌರವ ಹೆಚ್ಚಿತು. ಇಷ್ಟು ಗಟ್ಟಿಯಾಗಿ ಸುಳ್ಳು ಹೇಳುವವನ ಬಳಿ ಇಷ್ಟು ಗಟ್ಟಿಯಾದ ಚಿನ್ನವೂ ಇರಲೇಬೇಕಲ್ಲ.

ಆದರೆ ಬಿಲ ಕೆಲಸ ಮಾಡಿತು. ಮಬ್ರೂಕಾ ಸಂಜೆಯಾದೊಡನೆ ತಾನಾಗಿ ಒಳಗಿಳಿದು, ಒಣ ಕಬ್ಬಿನ ಎಲೆಯ ಮೇಲೆ ಮಲಗಿ, ಬಿಸಿಲೇರಿದ ಮೇಲೆ ಎದ್ದು ಬರತೊಡಗಿದಳು. ಶಾಜ್ಲಿ ಇನ್ನೇನು ನಿಟ್ಟುಸಿರು ಬಿಡಬೇಕು, ಆಗ ಬಿಲದೊಳಗಿನಿಂದ ಸದ್ದು ಕೇಳಿಸಿತು.

ಟುಕ್. ಟುಕ್. ಸರ್ರ್.

ಮಬ್ರೂಕಾ ಕದಲಿರಲಿಲ್ಲ. ಸದ್ದು ಅವಳ ಕೆಳಗಿನಿಂದ, ಭೂಮಿಯ ಹೊಟ್ಟೆಯಿಂದ ಬರುತ್ತಿತ್ತು. ಗಂಡ ಹೆಂಡತಿ ಇಬ್ಬರೂ ಒಂದೇ ಕಂಬಳಿಯಲ್ಲಿ ನಡುಗಿದರು.

"ವೈಜ್ಞಾನಿಕವಾಗಿ ಏನ್ರೀ ಅದು?" ನಬವಿಯಾ ಪಿಸುಗುಟ್ಟಿದಳು.

"ಮಣ್ಣು... ಮಣ್ಣು ತಣ್ಣಗಾದಾಗ ಕುಗ್ಗುತ್ತೆ."

"ಕೆಮ್ಮುತ್ತಾ?"

ಕೆಮ್ಮಿದ್ದು ಇಬ್ಬರಿಗೂ ಕೇಳಿಸಿತ್ತು. ಜಿನ್ ಎಂಬ ಭೂತಗಳಿಲ್ಲವೆಂದು ವರ್ಷಗಳಿಂದ ವಾದಿಸುತ್ತಿದ್ದ ಶಾಜ್ಲಿ ಕಂಬಳಿಯೊಳಗೆ ಪೂರ್ತಿ ಮುಳುಗಿದ.

ಸದ್ದಿನ ಸುದ್ದಿ ಎಡ್ಫುವಿನ ನೆಂಟನ ಬಾಯಿಂದ ಹೊರಬಿತ್ತು. ಅದನ್ನು ಕೇಳಿ ಶೇಖ್ ಅಬುಲ್ ವಫಾ ಬಂದರು. ತಾಯಿತ ಕಟ್ಟುವುದು, ಕಳೆದುಹೋದ ಮೇಕೆ ಎಲ್ಲಿದೆಯೆಂದು ಹೇಳುವುದು ಅವರ ವೃತ್ತಿ. ಓಣಿಯ ಜನವೆಲ್ಲ ಹಿಂದೆ ಇದ್ದರು, ನಾನೂ ಇದ್ದೆ. ಶೇಖರು ಗುಂಡಿಯನ್ನು ನೋಡಲಿಲ್ಲ. ಬಿಸಿಲು ಕಾಯುತ್ತಿದ್ದ ಮಬ್ರೂಕಾಳನ್ನು ನೋಡಿದರು. ಅವಳು ಬರ್ಸೀಮ್ ಸೊಪ್ಪು ಅಗಿಯುವುದನ್ನು ನಿಲ್ಲಿಸಿ ಅವರನ್ನು ನೋಡಿದಳು. ಶೇಖರು ಒಂದು ಹೆಜ್ಜೆ ಹಿಂದೆ ಸರಿದರು.

"ಇದೇ ಕಾವಲು! ಹೂತಿಟ್ಟ ಪ್ರತಿ ನಿಧಿಗೂ ಒಂದು ಜಿನ್ ಕಾವಲಿರುತ್ತೆ. ಹಾವಾಗಿ ಬರುತ್ತೆ, ಹುಂಜ ಆಗಿ ಬರುತ್ತೆ. ಇಲ್ಲಿ ಹೀಗೆ ಬಂದಿದೆ."

"ಶೇಖ್ ಸಾಹೇಬ್ರೇ, ಇದು ನಮ್ಮತ್ತೆ ಆಮೆ. ಸೂಡಾನಿಂದ್ದು," ಎಂದ ಶಾಜ್ಲಿ.

"ಸೂಡಾನ್ ಎಲ್ಲಿ, ನಿನ್ನ ಅಂಗಳ ಎಲ್ಲಿ? ಯಾರು ಕಳಿಸಿದ್ರು ಅದನ್ನ? ಯೋಚ್ನೆ ಮಾಡು! ಗುರುವಾರ ಬೆಳಿಗ್ಗೆ ಗುಂಡಿ ಬಾಯಲ್ಲಿ ಇದನ್ನ ಕುಯ್ದು ರಕ್ತ ಬಿಟ್ರೆ ಬಾಗಿಲು ತೆರೆಯುತ್ತೆ. ಇಲ್ಲಾಂದ್ರೆ ಕೆಳಗಿರೋನು ಮೇಲೆ ಬರ್ತಾನೆ. ಈಗಾಗ್ಲೇ ತಟ್ತಾ ಇದಾನೆ."

ಹಸಬುಲ್ಲಾ ಮುಂದೆ ಬಂದು, "ಒಳ್ಳೆ ಚೂರಿ ನನ್ನತ್ರ ಇದೆ" ಎಂದ. ಅವನ ಕಣ್ಣುಗಳು ಕೆಂಪಾಗಿದ್ದವು, ಉಗುರುಗಳಲ್ಲಿ ಮಣ್ಣಿತ್ತು, ಕೆಮ್ಮುತ್ತಲೂ ಇದ್ದ. ಇದನ್ನು ನಾನು ಗಮನಿಸಿದೆ, ಆದರೆ ಕೂಡಿಸಿ ನೋಡಲಿಲ್ಲ. ಭಯದ ನಡುವೆ ಲೆಕ್ಕ ಬರುವುದಿಲ್ಲ.

ನಬವಿಯಾ ಲಟ್ಟಣಿಗೆ ಹಿಡಿದು ಆಮೆಯ ಮುಂದೆ ನಿಂತಳು. "ಹಜ್ಜಾ ಬಂದು ಕೇಳಿದ್ರೆ ನೀವು ಹೇಳ್ತೀರಾ ಶೇಖ್ ಸಾಹೇಬ್ರೇ? ನೀವೇ?"

ಶೇಖರ ಮುಖ ಸ್ವಲ್ಪ ಬಿಳಿಚಿತು. ಆದರೆ ಹಜ್ಜಾ ಕೈರೋದಲ್ಲಿದ್ದರು, ನಿಧಿ ಕಾಲ ಕೆಳಗಿತ್ತು. "ಗುರುವಾರ" ಎಂದು ಹೊರಟರು.

ಅಂದು ಸಂಜೆ ಫೋನು ಬಂತು.

"ಶಾಜ್ಲಿ, ಪಟ್ಟಿ ಬಿಚ್ಚಿದ್ರು ಕಣೋ! ಗುರುವಾರ ಬೆಳಗಿನ ರೈಲಿಗೆ ಇಳೀತೀನಿ. ಮಬ್ರೂಕಾ ಬೆಚ್ಚಗಿದಾಳೆ ತಾನೆ?"

"ಬೆಚ್ಚಗೆ... ತುಂಬಾ ಬೆಚ್ಚಗಿದಾಳೆ ಅತ್ತೆ."

"ನಿನ್ನ ಹಲ್ಲು ಯಾಕೆ ಕಟಕಟ ಅಂತಿದೆ?"

ಶಾಜ್ಲಿಯದು ಅತ್ತ ದರಿ ಇತ್ತ ಪುಲಿ ಅನ್ನುವಷ್ಟು ಸರಳವಾದ ಸ್ಥಿತಿಯಾಗಿರಲಿಲ್ಲ. ಅತ್ತ ಜೈಲು, ಇತ್ತ ಜಿನ್, ನಡುವೆ ಚೂರಿ, ಮೇಲಿಂದ ಅತ್ತೆ. ಆಮೆಯನ್ನು ಬೇರೆಡೆ ಸಾಗಿಸೋಣವೆಂದರೆ ಹೊರಗೆ ಸಾಗಿದ ಮೂಟೆಯನ್ನೆಲ್ಲ ಜನ ಬಿಚ್ಚಿ ನೋಡುತ್ತಿದ್ದರು. ಬಿಲದಿಂದ ಹೊರಗಿಡೋಣವೆಂದರೆ ತೂಬಾದ ಗಾಳಿ ಮೂಳೆ ಕೊರೆಯುತ್ತಿತ್ತು. ಬುಧವಾರ ರಾತ್ರಿ ಮಬ್ರೂಕಾ ಎಂದಿನಂತೆ ಬಿಲಕ್ಕಿಳಿದಳು. ಶಾಜ್ಲಿ ಅದರ ಬಾಯಿಗೆ ಹಲಗೆ ಮುಚ್ಚಿ, ಹಲಗೆಯ ಮೇಲೆ ತಾನೇ ಮಲಗಿದ. ಕೆಳಗೆ ಟುಕ್ ಟುಕ್ ನಡೆದೇ ಇತ್ತು. ಆಮೇಲೆ ದೊಪ್ಪೆಂದು ಏನೋ ಕುಸಿಯಿತು. ಯಾರೋ "ಅಯ್ಯಯ್ಯೋ!" ಎಂದರು. ಜಿನ್ ಅಯ್ಯಯ್ಯೋ ಅನ್ನುತ್ತದೆಯೇ ಎಂದು ಯೋಚಿಸುವಷ್ಟು ಧೈರ್ಯ ಶಾಜ್ಲಿಗೆ ಉಳಿದಿರಲಿಲ್ಲ.

ಬೆಳಿಗ್ಗೆ ಶೇಖರು ಬಂದರು, ಜನ ಬಂದರು. ಯಾರೋ ದೂರು ಕೊಟ್ಟಿದ್ದರಿಂದ ಜೀಪೂ ಬಂತು. ಅದರಿಂದ ಇಬ್ಬರು ಪೊಲೀಸರೂ ಪ್ರಾಚ್ಯವಸ್ತು ಇಲಾಖೆಯ ತಪಾಸಣಾಧಿಕಾರಿ ಸಫೀನಾಜ್ ಮೇಡಮ್ಮೂ ಇಳಿದರು. ಎತ್ತರದ ಹೆಂಗಸು, ಕೊರಳಿಗೆ ದಪ್ಪ ಶಾಲು, ಕೈಯಲ್ಲಿ ಟಾರ್ಚು. ಶೇಖರ ಚೂರಿ ತಾನಾಗಿ ಅವರ ನಿಲುವಂಗಿಯೊಳಗೆ ಸೇರಿಕೊಂಡಿತು.

"ಈ ಗುಂಡಿ ಯಾತಕ್ಕೆ?"

"ಆಮೆಗೆ, ಮೇಡಂ." ಶಾಜ್ಲಿಯ ಧ್ವನಿ ಬಾವಿಯಿಂದ ಬಂದಂತಿತ್ತು.

ಜನ ನಕ್ಕರು. ಸಫೀನಾಜ್ ಮೇಡಂ ನಗಲಿಲ್ಲ. "ಎಲ್ಲಿ ಆಮೆ?"

ಶಾಜ್ಲಿ ಹಲಗೆ ಸರಿಸಿದ. ಒಣ ಎಲೆ ಇತ್ತು. ಆಮೆ ಇರಲಿಲ್ಲ.

ಅವನು ಒಳಗೆ ಕೈ ಹಾಕಿ ಎಲೆಯನ್ನೆಲ್ಲ ಕೆದಕಿದ. ನಬವಿಯಾ ಎದೆ ಬಡಿದುಕೊಂಡಳು. ದೂರದಲ್ಲಿ ರೈಲು ಕೂಗಿತು. ಶೇಖರು, "ಹೇಳಿರ್ಲಿಲ್ವಾ! ಕಾವಲು ಒಳಕ್ಕೆ ಹೋಯ್ತು!" ಎಂದು ಬಾಗಿಲ ಕಡೆಗೆ ಸರಿದರು.

ಮೇಡಂ ಮೊಣಕಾಲೂರಿ ಟಾರ್ಚಿನ ಬೆಳಕು ಬಿಟ್ಟರು. ಬಿಲದ ಕೊನೆಯಲ್ಲಿ ಮಣ್ಣು ಕುಸಿದು, ಅಲ್ಲೊಂದು ದೊಡ್ಡ ಕಂಡಿ. ಕಂಡಿಯ ಆಚೆ ಒಂದು ಸುರಂಗ ಹಸಬುಲ್ಲಾನ ಮನೆಯ ಕಡೆಗೆ ಹೋಗಿತ್ತು.

"ಪಕ್ಕದ ಮನೆ ಯಾರದು?"

ಯಾರೂ ಬೆರಳು ತೋರಿಸಬೇಕಾಗಿರಲಿಲ್ಲ. ಕುಂಬಳಕಾಯಿ ಕಳ್ಳ ಅನ್ನುವ ಮೊದಲೇ ಹಸಬುಲ್ಲಾ ಹೆಗಲು ಮುಟ್ಟಿ ನೋಡಿಕೊಂಡ. "ನಮ್ಮನೇಲಿ ಹೆಂಗಸ್ರಿದಾರೆ, ಒಳಗೆ ಬರೋ ಹಾಗಿಲ್ಲ!"

"ನಾನೂ ಹೆಂಗಸೇ" ಎಂದು ಮೇಡಂ ನಡೆದರು.

ಅಂಗಡಿಯ ಉಗ್ರಾಣದಲ್ಲಿ, ಬೇಳೆ ಮೂಟೆಗಳ ಹಿಂದೆ, ಚಾಪೆಯ ಕೆಳಗೆ ಆಳವಾದ ಗುಂಡಿ. ಏಣಿ, ಬುಟ್ಟಿ, ಬಟ್ಟೆ ಸುತ್ತಿದ ಗುದ್ದಲಿ. ಶಾಜ್ಲಿಯ ನಿಧಿಯನ್ನು ಅವನಿಗಿಂತ ಮೊದಲು ಕೆಳಗಿನಿಂದ ಎತ್ತಿಬಿಡಲು ಹಸಬುಲ್ಲಾ ಇಷ್ಟೂ ರಾತ್ರಿಗಳು ಬೆವರು ಸುರಿಸಿದ್ದ. ಕೊನೆಗೆ ಕಂಡಿ ಬಿದ್ದಾಗ ಕತ್ತಲಲ್ಲಿ ಎರಡು ಕಣ್ಣು ನೋಡಿ "ಅಯ್ಯಯ್ಯೋ" ಎಂದು ಏಣಿ ಹತ್ತಿದ್ದ. ಗುಂಡಿಯ ತಳದಲ್ಲಿ ಒಡೆದ ನೀರಿನ ಮಡಕೆಯ ಎರಡು ಚೂರು, ಅಷ್ಟೇ. ಅದು ತನ್ನ ಅತ್ತೆಯ ಕಾಲದ್ದೆಂದು ಆಮೇಲೆ ಅವನ ಹೆಂಡತಿ ಫೌಕಿಯಾಳೇ ಗುರುತಿಸಿದಳು. ಪಕ್ಕದ ಮೆತ್ತನೆಯ ಮಣ್ಣಿನಲ್ಲಿ ಕಾಲು ಚಾಚಿ ಮಬ್ರೂಕಾ ನಿದ್ರಿಸುತ್ತಿದ್ದಳು. ಮೇಡಂ ಇಳಿದು ಅವಳ ಚಿಪ್ಪು ಮುಟ್ಟಿದರು.

"ಬೆಚ್ಚಗಿದೆ" ಎಂದರು. ಶಾಜ್ಲಿ ಅಳತೊಡಗಿದ. ಈ ಸಲ ದೂಳು ಬಿದ್ದಿರಲಿಲ್ಲ.

ಮೇಡಂ ಮೇಲೆ ಬಂದು ಶಾಲು ಸರಿಮಾಡಿಕೊಂಡರು. "ಈ ಗುಂಡಿ ಯಾತಕ್ಕೆ?"

ಹಸಬುಲ್ಲಾ ಸುತ್ತ ನೋಡಿದ. ಜೀಪು ನೋಡಿದ. ಪೊಲೀಸರನ್ನು ನೋಡಿದ.

"ಆಮೆಗೆ, ಮೇಡಂ."

ಈ ಬಾರಿ ಯಾರೂ ನಗಲಿಲ್ಲ. ನಗುವುದು ಅಪಾಯವಾಗಿತ್ತು.

"ಪಾಪ, ಶಾಜ್ಲಿ ಅಣ್ಣನ ಆಮೆ ಚಳೀಲಿ ನರಳ್ತಿತ್ತು. ನೆರೆಯವನ ಧರ್ಮ ಅಂತ ನಾನೂ ಈ ಕಡೆಯಿಂದ ತೋಡ್ದೆ. ಬೇಕಾದ್ರೆ ತಲಾಖ್ ಆ..."

"ಆ ಆಣೆ ಬೇಡಾ!" ಪರದೆಯ ಹಿಂದಿನಿಂದ ಫೌಕಿಯಾ ಚೀರಿದಳು. "ಬೇರೆ ಆಣೆ ಹಾಕ್ಕೊಳ್ಳಿ! ಬೇಕಾದಷ್ಟಿವೆ!"

ಮೇಡಂ ಶಾಜ್ಲಿಯ ಕಡೆ ತಿರುಗಿದರು. "ನೀವು ಹೇಳಿ. ಇದು ಆಮೆಗೇ ತೋಡಿದ್ದಾ?"

ಶಾಜ್ಲಿ ಹಸಬುಲ್ಲಾನನ್ನು ನೋಡಿದ. ಚೂರಿ ಕೊಡಲು ಬಂದಿದ್ದ ಮನುಷ್ಯ. ಇಲ್ಲವೆಂದರೆ ಅವನು ಜೈಲಿಗೆ, ಗುಂಡಿಗಳೆರಡೂ ಮಣ್ಣಿಗೆ, ಮಬ್ರೂಕಾ ಮತ್ತೆ ಇಟ್ಟಿಗೆಯ ಮೇಲೆ. ನಿಲ್ದಾಣದಲ್ಲಿ ರೈಲು ನಿಂತ ಸದ್ದು ಕೇಳಿಸಿತು.

"ಆಮೆಗೇ, ಮೇಡಂ. ಇದು ವೈಜ್ಞಾನಿಕ. ಗಾಳಿ ಆಡೋಕೆ ಎರಡು ಬಾಯಿ ಬೇಕು."

ಸಫೀನಾಜ್ ಮೇಡಂ ಮಡಕೆ ಚೂರನ್ನು ತಿರುಗಿಸಿ ನೋಡಿ ಕೆಳಗಿಟ್ಟರು. "ಸರಿ. ಆಗಿದ್ದಕ್ಕೆ ಆಣೆ ಬೇಡ. ಆಗೋದಕ್ಕೆ ಹಾಕಿ. ಈ ಗುಂಡಿ ಇನ್ನು ಮುಂದೆ ಪ್ರತಿ ಚಳಿಗಾಲ, ಪ್ರತಿ ರಾತ್ರಿ ಈ ಆಮೆಗೇ ಅಂತ. ಶೇಖ್ ಸಾಹೇಬ್ರೇ, ನೀವು ಸಾಕ್ಷಿ. ನಾನು ಹೇಳದೆ ಕೇಳದೆ ಬರ್ತಾ ಇರ್ತೀನಿ. ಬಂದಾಗ ಒಳಗೆ ಆಮೆ ಇಲ್ಲಾಂದ್ರೆ ಇದು ಕಳ್ಳ ಅಗೆತ."

ಹಸಬುಲ್ಲಾ ತಲಾಖ್ ಆಣೆಯನ್ನೇ ಹಾಕಿದ. ಶೇಖರು ಚೂರಿಯ ಮೇಲೆ ಕೈಯಿಟ್ಟುಕೊಂಡು ಸಾಕ್ಷಿಯಾದರು.

ಕಪ್ಪು ಕನ್ನಡಕ ಹಾಕಿಕೊಂಡು ಹಜ್ಜಾ ಬಂದಾಗ ಜೀಪು ಹೊರಟಿತ್ತು. ಅವರನ್ನು ಉಗ್ರಾಣಕ್ಕೆ ಕರೆದೊಯ್ದರು. ಗುಂಡಿಯ ಅಂಚಿನಲ್ಲಿ ಕುಳಿತು ಕನ್ನಡಕ ತೆಗೆದು ಮಬ್ರೂಕಾಳ ಮುಖ ನೋಡಿದರು. ಆಮೇಲೆ ಶಾಜ್ಲಿಯ ಮುಖ ನೋಡಿದರು. ಆಮೇಲೆ ಏಣಿ, ಬುಟ್ಟಿ, ಸುರಂಗ, ಊರಿಗೆ ಊರು.

"ಒಲೆಗೆ ನಾಲ್ಕು ಕಬ್ಬಿನ ಸಿಪ್ಪೆ ಹಾಕು ಅಂದಿದ್ದೆ" ಎಂದರು. "ಬನ್ರೋ, ಎತ್ರೋ ಅವಳನ್ನ. ಮನೆಗೆ ಕರ್ಕೊಂಡು ಹೋಗ್ತೀನಿ."

ಹಸಬುಲ್ಲಾ ಅವರ ಕಾಲಿಗೆ ಅಡ್ಡ ಬಿದ್ದ. "ಬೇಡ ಹಜ್ಜಾ! ನಿಮ್ಮ ದಮ್ಮಯ್ಯ, ಕರ್ಕೊಂಡು ಹೋಗ್ಬೇಡಿ!"

ಹಜ್ಜಾ ಒಪ್ಪಿದರು. ಹಗಲೆಲ್ಲ ಆಮೆ ತಮ್ಮ ಮನೆಯಲ್ಲಿ, ರಾತ್ರಿ ಮಾತ್ರ ಇಲ್ಲಿ ಎಂಬ ಕರಾರಿನ ಮೇಲೆ. ಶಾಜ್ಲಿ ಈಗ ಕಾಫಿ ಅಂಗಡಿಯಲ್ಲಿ ಎರಡು ಬಾಯಿಯ ಬಿಲದ ವಿಜ್ಞಾನವನ್ನು ವಿವರಿಸುತ್ತಾನೆ, ಬೆನ್ನಿಗೆ ಆಧಾರವಿಲ್ಲದ ಕುರ್ಚಿಯಲ್ಲಿ ಕುಳಿತು. ತೂಬಾ ಬಂದರೆ ಹೆದರುವವನು ಈಗ ಅವನಲ್ಲ, ಹಸಬುಲ್ಲಾ. ಹೊತ್ತು ಇಳಿಯುವಾಗ ಓಣಿಯ ತುದಿಯಲ್ಲಿ ಹಜ್ಜಾರೂ ಅವರ ಆಮೆಯೂ ಕಾಣಿಸುವವರೆಗೆ ಹಸಬುಲ್ಲಾ ಅಂಗಡಿಯಲ್ಲಿ ನಿಲ್ಲಲಾರ. ಎಲ್ಲೋ ಒಂದು ಜೀಪು ಸದ್ದು ಮಾಡಿದರೆ ತಕ್ಕಡಿ ಬಿಟ್ಟು ಓಡುತ್ತಾನೆ. ಫೌಕಿಯಾ ಬರ್ಸೀಮ್ ಸೊಪ್ಪಿನ ಕಟ್ಟು ಹಿಡಿದು ಹಿಂದು ಹಿಂದಕ್ಕೆ ನಡೆಯುತ್ತ, "ಬಾರಮ್ಮ, ಬಾ ನನ್ನ ತಾಯಿ, ನನ್ನ ಸಂಸಾರ ನಿನ್ನ ಕಾಲಲ್ಲಿದೆ" ಎಂದು ಕರೆಯುತ್ತಾಳೆ.

ನಿನ್ನೆ ಮಬ್ರೂಕಾ ನಡು ಓಣಿಯಲ್ಲಿ ನಿಂತುಬಿಟ್ಟಳು. ಸೂರ್ಯ ಮುಳುಗುತ್ತಿತ್ತು. ಗಂಡ ಹೆಂಡತಿ ಇಬ್ಬರೂ ಹಿಂದಿನಿಂದ ತಳ್ಳಿದರು, ಬೆವರಿದರು, ಬೇಡಿಕೊಂಡರು.

"ಅವಸರ ಮಾಡ್ಬೇಡ್ರೋ" ಎಂದರು ಹಜ್ಜಾ, ಕಲ್ಲಿನ ಮೇಲೆ ಕುಳಿತು ಕನ್ನಡಕ ಒರೆಸುತ್ತ. "ಅವಳು ಯಾರ ಮನೇನೂ ಮುರಿಯೋಳಲ್ಲ. ಸ್ವಲ್ಪ ಹೆದರಿಸ್ತಾಳೆ, ಅಷ್ಟೇ."